ಉತ್ತರ ಕನ್ನಡ ಜಿಲ್ಲೆಯ ಜನಚಳವಳಿಗಳು

ಸಹ್ಯಾದ್ರಿಯ ನೆತ್ತಿಯಿಂದ ಅರಬ್ಬೀ ಸಮುದ್ರದ ದಂಡೆಯವರೆಗೆ ಹಬ್ಬಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಡು, ಸಾಗುವಳಿ ಭೂಮಿ, ನದಿ ಮತ್ತು ಅಳಿವೆಗಳ ಮೇಲಿನ ಹಕ್ಕಿಗಾಗಿ 19ನೆಯ ಶತಮಾನದ ಕೊನೆಯ ಭಾಗದಿಂದ ಇಂದಿನವರೆಗೆ ಹಳ್ಳಿಯ ಜನರೇ ಮುಂದಾಗಿ ನಡೆಸುತ್ತ ಬಂದಿರುವ ಹೋರಾಟಗಳು ಕರ್ನಾಟಕದ ಸಾಮಾಜಿಕ ಇತಿಹಾಸದಲ್ಲಿ ಪ್ರತ್ಯೇಕ ಅಧ್ಯಾಯವೆನ್ನುವಷ್ಟು ವಿಸ್ತಾರವಾಗಿವೆ. ಹೊರಗಿನವರಿಗೆ ಇವುಗಳಲ್ಲಿ 1983ರ ಅಪ್ಪಿಕೋ ಚಳವಳಿಯೊಂದೇ ಹೆಚ್ಚು ಪರಿಚಿತ. ಆದರೆ ಅಪ್ಪಿಕೋ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ; ಅದರ ಹಿಂದೆ ಸೊಪ್ಪಿನ ಬೆಟ್ಟದ ತಕರಾರು, ಕರನಿರಾಕರಣೆ, ಗೇಣಿದಾರರ ಹೋರಾಟ ಮತ್ತು ಬೇಡ್ತಿ ಯೋಜನೆಯ ವಿರೋಧಗಳ ಸುಮಾರು ನೂರು ವರ್ಷಗಳ ಅನುಭವವಿದೆ.

ಈ ಹೋರಾಟಗಳ ಬೇರು ಜಿಲ್ಲೆಯ ಬೇಸಾಯದ ಕ್ರಮದಲ್ಲಿಯೇ ಇದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಕಣಿವೆಗಳಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿಗಳನ್ನು ಒಟ್ಟಾಗಿ ಬೆಳೆಯುವ ತೋಟಗಳಿಗೆ ಪ್ರತಿವರ್ಷವೂ ಹಸಿರು ಸೊಪ್ಪು ಮತ್ತು ದರಕು, ಅಂದರೆ ಉದುರಿದ ಒಣ ಎಲೆ, ಗೊಬ್ಬರವಾಗಿ ಬೇಕು. ಅದನ್ನು ಒದಗಿಸುವ ಇಳಿಜಾರಿನ ಕಾಡಿಗೆ ಸೊಪ್ಪಿನ ಬೆಟ್ಟವೆಂದು ಹೆಸರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆಯನ್ನು ಬ್ರಿಟಿಷ್ ಆಡಳಿತವೂ ಒಪ್ಪಿಕೊಂಡಿತ್ತೆಂಬುದು ಕಾಡಿಲ್ಲದೆ ತೋಟವಿಲ್ಲ ಎಂಬ ಮಾತು ಎಷ್ಟು ನಿಜವೆಂಬುದನ್ನು ತೋರಿಸುತ್ತದೆ. ಘಟ್ಟದ ಕೆಳಗೆ ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ಹಾಲಕ್ಕಿ ಒಕ್ಕಲಿಗರೇ ಮೊದಲಾದ ರೈತರು ಭತ್ತದ ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದರು. ನದಿಗಳ ಅಳಿವೆಗಳಲ್ಲಿ ಮೀನುಗಾರಿಕೆ, ಬಳಚು ಎಂದು ಕರೆಯುವ ಚಿಪ್ಪುಜೀವಿಗಳನ್ನು ಹೆಕ್ಕುವ ಕಸುಬು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಗಜನಿ ಭೂಮಿಯಲ್ಲಿ ಬೆಳೆಯುವ ಬೇಸಾಯ ಇದ್ದವು. ಘಟ್ಟದ ಕಾಡಿನಲ್ಲಿ ಕುಣಬಿಗಳು, ಸಿದ್ದಿಗಳು, ಗೌಳಿಗಳು ನೆಲೆಸಿದ್ದರು. ಹೀಗೆ ಜಿಲ್ಲೆಯ ಬಹುತೇಕ ಎಲ್ಲ ಸಮುದಾಯಗಳ ಅನ್ನವೂ ಸರ್ಕಾರದ ದಾಖಲೆಯಲ್ಲಿ ತಮ್ಮದಲ್ಲದ ಯಾವುದೋ ನೆಲ ಅಥವಾ ನೀರಿನೊಂದಿಗೆ ಬೆಸೆದುಕೊಂಡಿತ್ತು.

1799ರಲ್ಲಿ ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ಕೆನರಾ ಪ್ರಾಂತದ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಲಾಯಿತು. ಹಡಗುಕಟ್ಟೆಗೂ ರೈಲುಹಾದಿಗೂ ನಾಟಾ ಬೇಕಾದಂತೆಲ್ಲ ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಕಾಡನ್ನು ಕಡಿದು ಸುಟ್ಟು ಸರದಿಯ ಮೇಲೆ ಬಿತ್ತುವ ಕುಮರಿ ಬೇಸಾಯಕ್ಕೆ ನಿರ್ಬಂಧಗಳು ಬಂದವು. 1878ರ ಅರಣ್ಯ ಕಾಯಿದೆಯು ಕಾಡನ್ನು ಮೀಸಲು, ರಕ್ಷಿತ ಮತ್ತು ಗ್ರಾಮ ಅರಣ್ಯಗಳೆಂದು ಮೂರಾಗಿ ವಿಂಗಡಿಸಿದಾಗ ಜನರು ತಲೆತಲಾಂತರದಿಂದ ಅನುಭವಿಸುತ್ತಿದ್ದ ಹಕ್ಕುಗಳು ‘ಸವಲತ್ತು’ಗಳಾಗಿ ಮಾರ್ಪಟ್ಟವು. ಹಕ್ಕು ಮತ್ತು ಸವಲತ್ತುಗಳ ನಡುವಿನ ಈ ಅಂತರ ಸಣ್ಣದಲ್ಲ: ಹಕ್ಕನ್ನು ಕೇಳಿ ಪಡೆಯಬಹುದು, ಸವಲತ್ತನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಸೊಪ್ಪು, ಸೌದೆ, ಮೇವುಗಳಿಗಾಗಿ ಅರ್ಜಿ ಮತ್ತು ಸಭೆಗಳ ಮೂಲಕ ನಡೆದ ಮೊದಲ ಹಂತದ ಪ್ರತಿಭಟನೆಯು ಈ ಅಂತರವನ್ನು ಕುರಿತದ್ದೇ ಆಗಿತ್ತು. ಅರಣ್ಯ ವ್ಯವಸ್ಥೆಯ ಪರಿಷ್ಕರಣೆಯ ಬಗ್ಗೆ ಜಿ.ಎಫ್.ಎಸ್. ಕಾಲಿನ್ಸ್ ಎಂಬ ಅಧಿಕಾರಿಯು 1920ರ ದಶಕದ ಆರಂಭದಲ್ಲಿ ನೀಡಿದ ವರದಿಯ ಬಳಿಕ ಕೆಲವು ಊರುಗಳಿಗೆ ತಮ್ಮ ಕಾಡನ್ನು ತಾವೇ ನೋಡಿಕೊಳ್ಳುವ ಅವಕಾಶ ದೊರೆಯಿತು. ಕುಮಟಾ ತಾಲ್ಲೂಕಿನ ಹಳಕಾರ, ಕಲ್ಲಬ್ಬೆ, ಚಿತ್ರಗಿ ಗ್ರಾಮಗಳ ಅರಣ್ಯ ಪಂಚಾಯಿತಿಗಳು ಇವುಗಳಲ್ಲಿ ಹೆಸರಾದವು. ಊರವರೇ ಕಾವಲುಗಾರನನ್ನು ನೇಮಿಸಿ, ಸೌದೆಯ ಪಾಲನ್ನು ನಿಗದಿ ಮಾಡಿ ಕಾಯ್ದುಕೊಂಡ ಹಳಕಾರದ ಕಾಡು, ಜನರ ಕೈಗೆ ಕೊಟ್ಟರೆ ಕಾಡು ಹಾಳಾಗುತ್ತದೆಂಬ ವಾದಕ್ಕೆ ಹಲವು ದಶಕಗಳ ಕಾಲ ಕಣ್ಣೆದುರಿನ ಉತ್ತರವಾಗಿ ನಿಂತಿತು.

ಸ್ವಾತಂತ್ರ್ಯ ಹೋರಾಟವು ಈ ಅತೃಪ್ತಿಗೆ ಹೊಸ ವಿಧಾನಗಳನ್ನು ಕೊಟ್ಟಿತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಇದರ ಬೆನ್ನಿಗೇ ನಡೆದ ಜಂಗಲ್ ಸತ್ಯಾಗ್ರಹ ಮತ್ತು ಅಂಕೋಲಾ, ಸಿದ್ದಾಪುರ, ಶಿರಸಿ ತಾಲ್ಲೂಕುಗಳಲ್ಲಿ ತೀವ್ರವಾದ ಕರನಿರಾಕರಣೆಯಿಂದ ರೈತರ ಜಮೀನು, ದನಕರು, ಪಾತ್ರೆಪಗಡೆಗಳು ಜಪ್ತಿಯಾಗಿ ಲಿಲಾವಾದವು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಆಗಲೇ. ಸಿದ್ದಾಪುರ ತಾಲ್ಲೂಕಿನಲ್ಲಿ ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕುಳಿತದ್ದು ಈ ಹೋರಾಟದ ಅತ್ಯಂತ ವಿಶಿಷ್ಟ ಘಟ್ಟ. ಸರ್ಕಾರವನ್ನು ಎದುರಿಸುವುದಕ್ಕಿಂತ ನೆರೆಯವನ ಅಂತಃಕರಣವನ್ನು ಎದುರಿಸುವುದು ಕಷ್ಟದ ಕೆಲಸ. ಹೊಸ್ತಿಲ ಹೊರಗೆ ಹಸಿದು ಕುಳಿತ ಹೆಂಗಸರ ಮುಂದೆ ಆ ಮನೆಯವರಿಗೆ ಒಲೆ ಹಚ್ಚುವುದೂ ದುಸ್ತರವಾಗುತ್ತಿತ್ತು. ಈ ಮಹಿಳೆಯರ ನೆನಪಿನ ಸ್ಮಾರಕ ಮಾವಿನಗುಂಡಿಯಲ್ಲಿದೆ. 1934ರಲ್ಲಿ ಗಾಂಧೀಜಿ ಜಿಲ್ಲೆಗೆ ಬಂದು ಸಂತ್ರಸ್ತ ಕುಟುಂಬಗಳನ್ನು ಕಂಡರು; 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ನಂತರ ಕಳೆದುಹೋದ ಜಮೀನುಗಳನ್ನು ಮರಳಿಸುವ ಕ್ರಮ ನಡೆಯಿತು.

ಮರಳಿ ಬಂದ ಜಮೀನು ಒಡೆಯರದು. ಅದನ್ನು ಉಳುತ್ತಿದ್ದ ಗೇಣಿದಾರರ ಪ್ರಶ್ನೆ ಹಾಗೆಯೇ ಉಳಿಯಿತು. ಅದನ್ನು ಎತ್ತಿಕೊಂಡವರಲ್ಲಿ ಮುಖ್ಯರಾದವರು, ಕನ್ನಡಿಗರಿಗೆ ಚುಟುಕಗಳ ಕವಿಯಾಗಿ ಪರಿಚಿತರಾದ ದಿನಕರ ದೇಸಾಯಿ. ಭಾರತ ಸೇವಕ ಸಮಾಜದ ಕಾರ್ಯಕರ್ತರಾಗಿದ್ದ ಅವರು ಕರಾವಳಿಯ ಒಕ್ಕಲುಗಳನ್ನು ಸಂಘಟಿಸಿ, ಗೇಣಿಯ ಇಳಿಕೆಗಾಗಿಯೂ ಒಕ್ಕಲೆಬ್ಬಿಸುವಿಕೆಯ ವಿರುದ್ಧವೂ ಚಳವಳಿ ಹೂಡಿದರು. ಇದಕ್ಕಾಗಿ 1940ರ ದಶಕದಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಲಾಯಿತು. ಸಂಘಟನೆಗೆ ಅಕ್ಷರವೂ ಬೇಕೆಂದು ಕಂಡುಕೊಂಡ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಒಕ್ಕಲು ಮಕ್ಕಳಿಗೆ ಶಾಲೆಗಳನ್ನು ತೆರೆದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನು ಹೊಲದ ಒಡೆಯನಾದಾಗ ಅದರ ಲಾಭ ಪಡೆಯುವ ತಿಳಿವಳಿಕೆ ಕರಾವಳಿಯ ಗೇಣಿದಾರರಲ್ಲಿ ಮೊದಲೇ ಬೆಳೆದಿತ್ತೆಂಬುದಕ್ಕೆ ಈ ಕೆಲಸವೇ ಕಾರಣ.

1956ರಲ್ಲಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಸ್ವತಂತ್ರ ಭಾರತದ ಅಭಿವೃದ್ಧಿ ಯೋಜನೆಗಳಿಗೆ ಈ ಕಾಡು ಕಚ್ಚಾವಸ್ತುವಿನ ಉಗ್ರಾಣವಾಗಿ ಕಂಡದ್ದರಿಂದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೂ ಪ್ಲೈವುಡ್ ಉದ್ಯಮವೂ ನೆಲೆಯೂರಿದವು. ಕಾಗದದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಸರ್ಕಾರವು ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಒದಗಿಸಿತೆಂಬುದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ; ಅದೇ ಬಿದಿರಿನಿಂದ ಬುಟ್ಟಿ ಹೆಣೆದು ಬದುಕುವವರಿಗೆ ಇಂಥ ರಿಯಾಯಿತಿ ಇರಲಿಲ್ಲ. ನೈಸರ್ಗಿಕ ಕಾಡನ್ನು ಸಂಪೂರ್ಣ ಕಡಿದು ಸಾಗವಾನಿಯನ್ನೂ ನೀಲಗಿರಿಯನ್ನೂ ನೆಡುವ ಕಾರ್ಯಕ್ರಮ ಜೊತೆಜೊತೆಗೆ ಸಾಗಿತು. ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಲ್ಲಿ ಸೂಪಾ ಪಟ್ಟಣವೇ ಮುಳುಗಿತು. ಅಲ್ಲಿಂದ ಎದ್ದುಹೋದವರಿಗೆ ಇದೇ ಜಿಲ್ಲೆಯ ರಾಮನಗರದಲ್ಲಿ ಪುನರ್ವಸತಿ ಕಲ್ಪಿಸಲಾಯಿತಾದರೂ, ಅವರ ದುಃಖಕ್ಕೆ ಆ ದಿನಗಳಲ್ಲಿ ದೊಡ್ಡ ಚಳವಳಿಯ ರೂಪ ದೊರೆಯಲಿಲ್ಲ.

ಆ ರೂಪ ದೊರೆತದ್ದು ಬೇಡ್ತಿಯಲ್ಲಿ. ಯಲ್ಲಾಪುರ ತಾಲ್ಲೂಕಿನ ಮಾಗೋಡು ಜಲಪಾತದ ಆಸುಪಾಸಿನಲ್ಲಿ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯಿಂದ ಕಾಡಿನೊಂದಿಗೆ ಅಡಿಕೆ ತೋಟಗಳೂ ಮುಳುಗುವುದಿತ್ತು. ಆದರೆ ಇಲ್ಲಿನ ಬೆಳೆಗಾರರು ಮೆರವಣಿಗೆ, ಮನವಿಗಳಲ್ಲೇ ನಿಲ್ಲಲಿಲ್ಲ. ತಮ್ಮ ಸಹಕಾರಿ ಸಂಘದ ಬಲದಿಂದ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಎಂಜಿನಿಯರುಗಳನ್ನೂ 1981ರಲ್ಲಿ ಶಿರಸಿಗೆ ಕರೆಸಿ ವಿಚಾರಸಂಕಿರಣ ನಡೆಸಿದರು. ಯೋಜನೆಯ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಕಾಡಿನ ಬೆಲೆ, ಸೊಪ್ಪಿನ ಬೆಲೆ, ಮುಳುಗುವ ತೋಟದ ಮುಂದಿನ ಫಸಲಿನ ಬೆಲೆಗಳನ್ನು ಸೇರಿಸಿ ಲಾಭನಷ್ಟವನ್ನು ಅಲ್ಲಿ ಹೊಸದಾಗಿ ಲೆಕ್ಕಹಾಕಲಾಯಿತು. ಯೋಜನೆ ಹಿಂದೆ ಸರಿಯಿತು. ಹಳ್ಳಿಯ ಜನ ಸರ್ಕಾರದ ಲೆಕ್ಕವನ್ನು ಲೆಕ್ಕದಿಂದಲೇ ಪ್ರಶ್ನಿಸಿದ ಈ ಕ್ರಮವು ಭಾರತದ ಪರಿಸರ ಹೋರಾಟಗಳಲ್ಲಿ ಬಹಳ ಮುಂಚಿನದು. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿ ಸಂದಿಲ್ಲ.

ಅಪ್ಪಿಕೋ ಚಳವಳಿಯ ಕಾರಣಗಳು ತೀರ ಸ್ಥಳೀಯವಾಗಿದ್ದವು. ಶಿರಸಿ ತಾಲ್ಲೂಕಿನ ಬಾಳೆಗದ್ದೆಯ ಸುತ್ತ ನೈಸರ್ಗಿಕ ಕಾಡು ಹೋಗಿ ಸಾಗವಾನಿ ಬಂದದ್ದರ ಪರಿಣಾಮವನ್ನು ಜನರು ಬತ್ತಿದ ಹಳ್ಳಗಳಲ್ಲಿ, ಸಿಗದ ಸೊಪ್ಪಿನಲ್ಲಿ ಕಂಡಿದ್ದರು. ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರು 1983ರಲ್ಲಿ ಊರಿನ ಯುವಕರ ಕರೆಗೆ ಓಗೊಟ್ಟು ಇಲ್ಲಿಗೆ ಬಂದು ಮಾತನಾಡಿದರು. ಮುಂದೆ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಹೆಂಗಸರು, ಗಂಡಸರು, ಮಕ್ಕಳು ಕಳಾಸೆಯ ಕಾಡಿಗೆ ನಡೆದುಹೋಗಿ ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡರು. ಅರಣ್ಯ ಇಲಾಖೆಯು ಆಯ್ದ ಕಡಿತ ಎಂಬ ಪದ್ಧತಿಯನ್ನು ಅನುಸರಿಸುತ್ತಿತ್ತು. ಅಂದರೆ ಬಲಿತ ಕೆಲವು ಮರಗಳನ್ನಷ್ಟೇ ಗುರುತಿಸಿ ಕಡಿಯುವುದು. ಒಂದು ಹೆಮ್ಮರ ಉರುಳುವಾಗ, ಅದನ್ನು ಎಳೆದೊಯ್ಯುವಾಗ ಸುತ್ತಲಿನ ಎಷ್ಟು ಎಳೆಯ ಮರಗಳು ನೆಲಕ್ಕೊರಗುತ್ತವೆ ಎಂಬುದು ಕಾಗದದಲ್ಲಿ ಇರಲಿಲ್ಲ, ಕಾಡಿನಲ್ಲಿ ಇತ್ತು. ಜನರು ಅಧಿಕಾರಿಗಳನ್ನು ಸ್ಥಳಕ್ಕೆ ಕರೆದೊಯ್ದು ಅದನ್ನು ತೋರಿಸಿದರು. ಸಾಲ್ಕಣಿಯ ಕಾವಲು 38 ದಿನ ನಡೆದು, ಕಡಿತದ ಆದೇಶ ನಿಂತಿತು. ಚಳವಳಿಯು ಸಿದ್ದಾಪುರ ತಾಲ್ಲೂಕಿನ ನಿಡಗೋಡು ಮೊದಲಾದ ಕಡೆಗಳಿಗೂ, ಮುಂದೆ ಪಶ್ಚಿಮಘಟ್ಟದ ಇತರ ಜಿಲ್ಲೆಗಳಿಗೂ ಹಬ್ಬಿತು.

ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಈ ಚಳವಳಿಗೆ ಗಟ್ಟಿಯಾದ ಕಚೇರಿಯಾಗಲಿ ಪದಾಧಿಕಾರಿಗಳ ಪಟ್ಟಿಯಾಗಲಿ ಇರಲಿಲ್ಲ. ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಬೀದಿನಾಟಕ, ಈ ಸೀಮೆಯ ಜನರ ಉಸಿರೇ ಆಗಿರುವ ಯಕ್ಷಗಾನ ಇವುಗಳ ಮೂಲಕ ಮಾತು ಮನೆಯಿಂದ ಮನೆಗೆ ಹೋಯಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಪದಗಳಲ್ಲಿ ಗುರಿಯನ್ನು ಹೇಳಲಾಯಿತು. ಇವುಗಳಲ್ಲಿ ಕೊನೆಯದೇ ಅಪ್ಪಿಕೋವನ್ನು ಬರಿಯ ಮರಪ್ರೇಮದಿಂದ ಬೇರ್ಪಡಿಸುವುದು; ಕಾಡನ್ನು ಬಳಸಲೇಬಾರದೆಂದು ಅದು ಎಂದೂ ಹೇಳಲಿಲ್ಲ. ಬದಲಾಗಿ, ಸೌದೆ ಉಳಿಸುವ ಅಸ್ತ್ರ ಒಲೆ, ಗೋಬರ್ ಗ್ಯಾಸ್, ಟೊಂಗೆಯನ್ನು ಬೋಳಿಸದೆ ಸೊಪ್ಪು ಕೊಯ್ಯುವ ಎಚ್ಚರ ಮುಂತಾದವನ್ನು ಪ್ರಚಾರ ಮಾಡಿ, ತೋಟಿಗರ ತಪ್ಪನ್ನೂ ತಿದ್ದಲು ಯತ್ನಿಸಿತು. 1980ರ ದಶಕ ಮುಗಿಯುವ ಹೊತ್ತಿಗೆ ಪಶ್ಚಿಮಘಟ್ಟದ ನೈಸರ್ಗಿಕ ಕಾಡುಗಳಲ್ಲಿ ಹಸಿಮರ ಕಡಿಯುವುದನ್ನು ನಿಲ್ಲಿಸುವ ನೀತಿಯತ್ತ ಸರ್ಕಾರ ಹೊರಳುವುದರಲ್ಲಿ ಈ ಒತ್ತಡದ ಪಾಲು ದೊಡ್ಡದು. ನೆರೆಯ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು, ಸಮುದಾಯದ ಗೋಮಾಳದಲ್ಲಿ ಕಂಪನಿಯೊಂದು ನೆಟ್ಟ ನೀಲಗಿರಿಯನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವು ಹೆಸರಿನಲ್ಲಿಯೂ ಅಪ್ಪಿಕೋದ ಒಡಹುಟ್ಟು.

ಕಾಳಿ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟುವ ನಿರ್ಧಾರದ ವಿರುದ್ಧ ನಡೆದ ಹೋರಾಟ ಗೆಲ್ಲಲಿಲ್ಲ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಈ ಜಿಲ್ಲೆಯಿಂದ ನಿಂತದ್ದು ಅಣುಸ್ಥಾವರದ ಪ್ರಶ್ನೆಯನ್ನು ಮತದಾರರ ಮುಂದಿಡಲೆಂದೇ; ಅವರು ಸೋತರು. ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ ಸ್ನೇಹಕುಂಜ ಸಂಸ್ಥೆಯನ್ನು ಕಟ್ಟಿದ ವೈದ್ಯೆ ಕುಸುಮಾ ಸೊರಬ, ಕೈಗಾ ವಿರೋಧದಲ್ಲಿಯೂ ಶರಾವತಿ ಟೇಲ್‌ರೇಸ್ ಜಲವಿದ್ಯುತ್ ಯೋಜನೆಯ ವಿರೋಧದಲ್ಲಿಯೂ ಹಳ್ಳಿಯ ಹೆಂಗಸರನ್ನು ಬೀದಿಗೆ ತಂದರು. 1998ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಅವರ ಜಾಗವನ್ನು ತುಂಬುವವರು ಜಿಲ್ಲೆಗೆ ಸುಲಭವಾಗಿ ಸಿಗಲಿಲ್ಲ. ಕೈಗಾ ಸ್ಥಾವರದಲ್ಲಿ 1994ರ ಮೇ ತಿಂಗಳಲ್ಲಿ ಕಟ್ಟಡದ ಹಂತದಲ್ಲಿದ್ದ ಗುಮ್ಮಟದ ಒಳಪದರ ಕುಸಿದಾಗ ವಿರೋಧಿಗಳ ಆತಂಕ ಮತ್ತೆ ಚರ್ಚೆಗೆ ಬಂತು. ಆದರೂ 2000ದಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ವಿದ್ಯುತ್ ಉತ್ಪಾದನೆಗೆ ತೊಡಗಿದವು.

ಈ ಚಳವಳಿಗಳೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಸಮಾನತೆ ಎದ್ದುಕಾಣುತ್ತದೆ. ಸಹಕಾರಿ ಸಂಘ, ಮಠ, ಯುವಕ ಮಂಡಳಿ, ಪತ್ರಿಕೆಗಳ ಬೆಂಬಲವಿದ್ದ ಘಟ್ಟದ ಮೇಲಿನ ತೋಟಿಗರ ದನಿ ಬೇಗ ಕೇಳಿಸಿತು. ಸೋಂದಾ ಸ್ವರ್ಣವಲ್ಲಿ ಮಠವು ಬೇಡ್ತಿ ಕಣಿವೆಯ ರಕ್ಷಣೆಗೆ ನಿಂತಾಗ ಆ ದನಿಯ ಬಲ ಇನ್ನೂ ಹೆಚ್ಚಿತು. ಇಂಥ ಆಸರೆಯಿಲ್ಲದ ಕರಾವಳಿಯವರಿಗೆ ಹಾಗಾಗಲಿಲ್ಲ. 1986ರಲ್ಲಿ ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟು ಹೋದವು. ನ್ಯಾಯವಾದ ಪರಿಹಾರಕ್ಕಾಗಿ ಅವರು ನ್ಯಾಯಾಲಯಗಳಿಗೂ ಕಚೇರಿಗಳಿಗೂ ಅಲೆದ ಅವಧಿ ದಶಕಗಳಷ್ಟು ದೀರ್ಘವಾದದ್ದು. ಈ ಅಲೆದಾಟವೂ ಚಳವಳಿಯೇ, ಅದಕ್ಕೊಂದು ಆಕರ್ಷಕ ಹೆಸರಿಲ್ಲ ಅಷ್ಟೆ.

ಇತ್ತೀಚಿನ ದಶಕಗಳಲ್ಲಿ ಹೋರಾಟದ ಕೇಂದ್ರ ಅಳಿವೆಗಳತ್ತ ಸರಿದಿದೆ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ, ತದಡಿಯ ಬಳಿ, ಮತ್ತೆ ಮತ್ತೆ ಮುಂದಿಟ್ಟ ಉಷ್ಣವಿದ್ಯುತ್ ಯೋಜನೆಯನ್ನು ಮೀನುಗಾರರೂ ಗಜನಿ ಬೇಸಾಯಗಾರರೂ ಘಟ್ಟದ ಮೇಲಿನವರೂ ಒಂದಾಗಿ ಎದುರಿಸಿದರು. ಯೋಜನೆ ಕೈಬಿಟ್ಟುಹೋಯಿತು, 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕಾರವಾರದ ಕಡಲದಂಡೆಯಲ್ಲಿ ಬಂದರಿನ ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರ ಕುಟುಂಬಗಳು ಬೀದಿಗಿಳಿದವು. ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಅಲ್ಲಿನ ಹೆಂಗಸರು ಹೋರಾಡುತ್ತ ಬಂದಿದ್ದಾರೆ; ಹಸಿಮೀನು ಒಣಗಿಸುವ ಮರಳ ಹಾಸು ಅವರ ಕಾರ್ಖಾನೆ, ಅದಕ್ಕೆ ಬೇರೆ ಯಾವ ದಾಖಲೆಯೂ ಇಲ್ಲ.

ಕಾಡಿನ ಹಳೆಯ ಪ್ರಶ್ನೆಯೂ ಬಗೆಹರಿದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಬುಡಕಟ್ಟುಗಳಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಸಾಗುವಳಿಯ ಹಕ್ಕನ್ನು ಕೊಡುತ್ತದೆ; ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಗಳಿಗೆ ಈ ಷರತ್ತು ಅಡ್ಡಬರುವುದಿಲ್ಲ. ಅದೇ ಕಾಡಿನಲ್ಲಿ ಅವರ ನೆರೆಯವರಾಗಿ ಬದುಕಿರುವ ಕುಣಬಿಗಳು ಪಟ್ಟಿಗೆ ಸೇರಿಸಬೇಕೆಂದು ಕೇಳುತ್ತಲೇ ಬಂದಿದ್ದಾರೆ. ಅಲ್ಲಿಯವರೆಗೆ ಅಜ್ಜನ ಕಾಲದ ಗದ್ದೆಗೂ ಅವರು ಕಾಗದದ ಸಾಕ್ಷಿಯನ್ನು ಹುಡುಕಿ ತರಬೇಕಾಗಿದೆ.