ದಾಳಿಂಬೆ, ದ್ರಾಕ್ಷಿಯ ನಾಡಿನಲ್ಲಿ ಸಕ್ಕರೆಯ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡಿಗರಿಗೆ ದಾಳಿಂಬೆ, ದ್ರಾಕ್ಷಿ ಎಂದರೆ ಪೇಟೆಯ ಹಣ್ಣಷ್ಟೇ ಅಲ್ಲ, ಹೊಲದ ಬೆಳೆಯೂ ಹೌದು. ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಸೊಲ್ಲಾಪುರದ ದಾಳಿಂಬೆ ಮತ್ತು ಸಾಂಗ್ಲಿಯ ಒಣದ್ರಾಕ್ಷಿ ಎರಡಕ್ಕೂ 2016ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು.

ಈ ಹಣ್ಣುಗಳಲ್ಲಿ ಆಂಟಿಆಕ್ಸಿಡೆಂಟ್ ಹೇರಳವಾಗಿದೆ ಎಂಬ ಮಾತು ಈಗ ಹಳ್ಳಿ ಹಳ್ಳಿಗೂ ತಲುಪಿದೆ. ಆದರೆ ಹಣ್ಣು ಬೆಳೆಯುವ ಮನೆಯಲ್ಲೇ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಕೆಲವರು ಹೆದರಿ ಹಣ್ಣನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಔಷಧಿ ಎಂದು ದಿನಾ ಲೋಟ ತುಂಬ ರಸ ಕುಡಿಯುತ್ತಾರೆ. ಎರಡೂ ಸರಿಯಲ್ಲ. ಯಾವ ಹಣ್ಣು ಎನ್ನುವಷ್ಟೇ ಮುಖ್ಯ, ಅದನ್ನು ಯಾವ ರೂಪದಲ್ಲಿ ಮತ್ತು ಎಷ್ಟು ತಿನ್ನುತ್ತೇವೆ ಎನ್ನುವುದು.

ಆಂಟಿಆಕ್ಸಿಡೆಂಟ್ ಎಂದರೇನು?

ನಾವು ಉಂಡ ಅನ್ನ ಶಕ್ತಿಯಾಗುವಾಗ ದೇಹದಲ್ಲಿ ‘ಫ್ರೀ ರ‍್ಯಾಡಿಕಲ್’ ಎಂಬ ಚಂಚಲ ಕಣಗಳು ಹುಟ್ಟುತ್ತವೆ. ಹೊಗೆ, ತಂಬಾಕಿನಿಂದ ಇವು ಇನ್ನೂ ಹೆಚ್ಚುತ್ತವೆ. ಇವು ಅತಿಯಾದರೆ ಜೀವಕೋಶಗಳಿಗೆ ಹಾನಿ. ಇವನ್ನು ತಣಿಸುವ ಪದಾರ್ಥಗಳೇ ಆಂಟಿಆಕ್ಸಿಡೆಂಟ್‌ಗಳು. ವಿಟಮಿನ್ ಸಿ, ವಿಟಮಿನ್ ಇ, ಗಜ್ಜರಿಯ ಬೀಟಾ ಕ್ಯಾರೊಟಿನ್, ಟೊಮ್ಯಾಟೊದ ಲೈಕೊಪಿನ್, ನೇರಳೆಯ ಕಪ್ಪು ಬಣ್ಣಕ್ಕೆ ಕಾರಣವಾದ ಆಂಥೊಸಯನಿನ್ ಎಲ್ಲವೂ ಇದೇ ಗುಂಪಿನವು.

ಹಾಗೆಂದು ಗುಳಿಗೆ ನುಂಗಿದರೆ ಸಾಲದು. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟಿನ್ ಗುಳಿಗೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚೇ ಕಂಡುಬಂತು. ಹಣ್ಣು, ತರಕಾರಿಯಲ್ಲಿ ಈ ಪದಾರ್ಥಗಳ ಜೊತೆಗೆ ನಾರು, ನೀರು, ಖನಿಜಗಳೂ ಇರುತ್ತವೆ. ಆ ಜೋಡಣೆ ಗುಳಿಗೆಯಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತು: ಹಣ್ಣಿನಲ್ಲಿ ಆಂಟಿಆಕ್ಸಿಡೆಂಟ್ ಇದೆ ಎಂದ ಮಾತ್ರಕ್ಕೆ ಅದರ ಸಕ್ಕರೆ ಮಾಯವಾಗುವುದಿಲ್ಲ.

ಒಂದೇ ಹಣ್ಣು, ಬೇರೆ ಬೇರೆ ಲೆಕ್ಕ

ನೂರು ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸುಮಾರು 70 ಕ್ಯಾಲರಿ, 15 ಗ್ರಾಂ ಸಕ್ಕರೆ ಇರುತ್ತದೆ. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕೆಂಬುದು ಬೇದಾಣಾ ಮಾಡುವ ರೈತರಿಗೆಲ್ಲ ಗೊತ್ತು. ಒಣಗುವಾಗ ಹೋಗುವುದು ನೀರು ಮತ್ತು ಬಹುಪಾಲು ವಿಟಮಿನ್ ಸಿ. ಉಳಿಯುವುದು ಸಕ್ಕರೆ. ಹಾಗಾಗಿ ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 300 ಕ್ಯಾಲರಿ, 60 ಗ್ರಾಂ ಸಕ್ಕರೆ. ಹತ್ತು ಹನ್ನೆರಡು ಕಾಳು ತಿಂದರೆ ತೊಂದರೆಯಿಲ್ಲ, ಮುಷ್ಟಿಗಟ್ಟಲೆ ತಿನ್ನುವ ವಸ್ತು ಅದಲ್ಲ.

ದಾಳಿಂಬೆಯದೂ ಇದೇ ಕಥೆ. ನೂರು ಗ್ರಾಂ ಕಾಳಿನಲ್ಲಿ ಸುಮಾರು 83 ಕ್ಯಾಲರಿ, 14 ಗ್ರಾಂ ಸಕ್ಕರೆ, 4 ಗ್ರಾಂ ನಾರು. ಕಾಳು ಅಗಿದು ತಿಂದರೆ ನಾರು ಹೊಟ್ಟೆ ಸೇರುತ್ತದೆ, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಹಿಂಡಿ ಸೋಸಿದರೆ ನಾರು ಚರಟದಲ್ಲೇ ಉಳಿಯುತ್ತದೆ. 200 ಮಿ.ಲೀ. ರಸದಲ್ಲಿ ಸುಮಾರು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಹಾ ಚಮಚ. ಹಣ್ಣಿನ ರಸದ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಚಹಾಕ್ಕೆ ಹಾಕುವ ಸಕ್ಕರೆ, ಜೇನುತುಪ್ಪದ ಸಾಲಿನಲ್ಲೇ ಇಡುತ್ತದೆ. ಇಂಥ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಹೆಚ್ಚು ಒಳ್ಳೆಯದು ಎಂಬುದು ಅದರ 2015ರ ಸಲಹೆಯ ಸಾರ. ಒಂದು ಲೋಟ ರಸಕ್ಕೇ ಆ ಲೆಕ್ಕ ಮುಗಿಯಿತು. ಬೆಲ್ಲ ಹಾಕಿದರೂ ಲೆಕ್ಕ ಬದಲಾಗುವುದಿಲ್ಲ.

ಯಾವುದನ್ನು ಆರಿಸಬೇಕು?

- ಪೇರಲ (ಮರಾಠಿಯ ಪೇರೂ): ನೂರು ಗ್ರಾಂಗೆ ಸುಮಾರು 68 ಕ್ಯಾಲರಿ, 9 ಗ್ರಾಂ ಸಕ್ಕರೆ, 5 ಗ್ರಾಂ ನಾರು. ವಿಟಮಿನ್ ಸಿ 200 ಮಿ.ಗ್ರಾಂ.ಗೂ ಹೆಚ್ಚು, ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು.
- ಪಪ್ಪಾಯಿ: ಸುಮಾರು 43 ಕ್ಯಾಲರಿ, 8 ಗ್ರಾಂ ಸಕ್ಕರೆ. ವಿಟಮಿನ್ ಸಿ, ಕ್ಯಾರೊಟಿನ್ ಎರಡೂ ಇವೆ.
- ನೆಲ್ಲಿಕಾಯಿ (ಆವಳಾ): ವಿಟಮಿನ್ ಸಿ ಬಹಳ, ಸಕ್ಕರೆ ಕಡಿಮೆ. ಹಸಿಯಾಗಿ ಇಲ್ಲವೇ ಚಟ್ನಿ ಮಾಡಿ ತಿನ್ನಬೇಕು. ಮೊರಬ್ಬಾ ಮಾಡಿದರೆ ಅದು ಸಿಹಿ ತಿಂಡಿಯೇ.
- ನೇರಳೆ (ಜಾಂಭೂಳ): ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿನ ಹಣ್ಣು. ಬಣ್ಣವೇ ಅದರ ಗುಣ ಹೇಳುತ್ತದೆ. ಆದರೆ ಸಕ್ಕರೆ ಕಾಯಿಲೆಯ ಗುಳಿಗೆಗೆ ಅದು ಬದಲಿ ಅಲ್ಲ.
- ದಾಳಿಂಬೆ, ದ್ರಾಕ್ಷಿ, ಮಾವು, ಸೀತಾಫಲ: ಬಿಡಬೇಕಿಲ್ಲ, ಅಳತೆ ಬೇಕು. ಒಂದು ಹೊತ್ತಿಗೆ ಚಿಕ್ಕ ಬಟ್ಟಲು, ಅದೂ ಒಂದೇ ಬಗೆಯದು.

ತರಕಾರಿಗೆ ಮೊದಲ ಪಾಲು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲರಿಯ ಊಟಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದು ಹೇಳಿದೆ. ಅಂದರೆ ಹಣ್ಣಿಗಿಂತ ನಾಲ್ಕು ಪಟ್ಟು ತರಕಾರಿ. ಕಾರಣ ಸರಳ. ನೂರು ಗ್ರಾಂ ಟೊಮ್ಯಾಟೊದಲ್ಲಿ 18, ಬದನೆ ಮತ್ತು ಪಾಲಕದಲ್ಲಿ ಸುಮಾರು 25, ಸಿಹಿಯೆನಿಸುವ ಗಜ್ಜರಿಯಲ್ಲೂ ಸುಮಾರು 40 ಕ್ಯಾಲರಿ ಮಾತ್ರ. ಬಣ್ಣ, ಗುಣ ಮಾತ್ರ ಹಣ್ಣಿಗೆ ಕಡಿಮೆಯಿಲ್ಲ.

ಅಡುಗೆಯಲ್ಲಿ ಕೆಲವು ಸಂಗತಿ ನೆನಪಿಡಬೇಕು. ಬದನೆಯ ಆಂಥೊಸಯನಿನ್ ಇರುವುದು ಸಿಪ್ಪೆಯಲ್ಲಿ, ಅದನ್ನು ಹೆರೆಯಬಾರದು. ಉಳ್ಳಾಗಡ್ಡಿಯ ಹೊರ ಪದರಗಳಲ್ಲೇ ಸತ್ವ ಹೆಚ್ಚು, ಒಣ ಸಿಪ್ಪೆ ಮಾತ್ರ ತೆಗೆದರೆ ಸಾಕು. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆದರೆ ವಿಟಮಿನ್ ಸಿ ನೀರಿನ ಪಾಲು. ಟೊಮ್ಯಾಟೊದ ಲೈಕೊಪಿನ್ ಮಾತ್ರ ಬೇಯಿಸಿ, ತುಸು ಎಣ್ಣೆ ಸೇರಿಸಿದಾಗ ಮೈಗೆ ಹೆಚ್ಚು ಹತ್ತುತ್ತದೆ.

ತುಸು ಎಣ್ಣೆ ಎಂಬುದು ಮುಖ್ಯ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ. ಎಣ್ಣೆ ತೇಲುವ ಎಣ್ಣೆಗಾಯಿ ಪಲ್ಯದಲ್ಲಿ ಲೆಕ್ಕ ತಪ್ಪಿಸುವುದು ಬದನೆಯಲ್ಲ. ಕೋಸಂಬರಿಗೆ ಮರಾಠಿ ಮನೆಗಳ ಹಾಗೆ ಚಿಟಿಕೆ ಸಕ್ಕರೆ ಹಾಕುವ ರೂಢಿಯಿದ್ದರೆ ಅದನ್ನೂ ಬಿಡಬಹುದು. ಲಿಂಬೆಹಣ್ಣು ಹಿಂಡಿದರೆ ರುಚಿಗೆ ಕೊರತೆಯಾಗದು.

ಎಚ್ಚರ ಯಾರಿಗೆ?

ಮೂತ್ರಪಿಂಡದ ತೊಂದರೆ ಇದ್ದವರು ಹಣ್ಣು, ಸೊಪ್ಪಿನ ಪ್ರಮಾಣವನ್ನು ಡಾಕ್ಟರರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು, ಅವುಗಳಲ್ಲಿರುವ ಪೊಟ್ಯಾಸಿಯಂ ಅವರಿಗೆ ಅಪಾಯವಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದು ಬೆವರು, ನಡುಕ ಬಂದಾಗ ಮಾತ್ರ ಹಣ್ಣಿನ ರಸ ಒಳ್ಳೆಯದು. ಆಗ ಅದನ್ನು ತಡಮಾಡದೆ ಕೊಡಬೇಕು.

ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಈ ಭಾಗದ ಮನೆಗಳಲ್ಲಿ ಗಜ್ಜರಿ, ಬದನೆ, ಅವರೆ, ಹಸಿಕಡಲೆ ಕೂಡಿಸಿ ಪಲ್ಯ ಮಾಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೊಂದಿಗೆ ಉಣ್ಣುತ್ತಾರೆ. ನಾಲ್ಕಾರು ಬಣ್ಣದ ತರಕಾರಿ ಒಂದೇ ತಾಟಿನಲ್ಲಿ! ಎಣ್ಣೆ ಹಿಡಿತದಲ್ಲಿಟ್ಟು, ಋತುವಿಗೆ ಸಿಕ್ಕ ತರಕಾರಿಯಿಂದ ಇಂಥ ಪಲ್ಯ ವಾರಕ್ಕೆ ಮೂರು ನಾಲ್ಕು ದಿನ ಮಾಡಿ, ಊಟದ ನಡುವಿನ ಹೊತ್ತಿಗೆ ಒಂದು ಪೇರಲವನ್ನೋ ಚಿಕ್ಕ ಬಟ್ಟಲು ದಾಳಿಂಬೆ ಕಾಳನ್ನೋ ಇಟ್ಟುಕೊಂಡರೆ ಹೊಲದ ಹಣ್ಣನ್ನು ದೂರ ಮಾಡುವ ಪ್ರಸಂಗವೇ ಬರುವುದಿಲ್ಲ.