ಬದುವಿನ ಮೇಲೆ ಬಂದು ಕೂತವರು

ಪಿರಿಯಾಪಟ್ಟಣದಿಂದ ಬೆಟ್ಟದಪುರದ ದಿಕ್ಕಿಗೆ ಹೊರಟರೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಆ ಸೀಮೆಯ ಒಂದು ಹೋಬಳಿ ಕೇಂದ್ರ ರಾವಂದೂರು. ಊರ ಚರಿತ್ರೆ ಎಂದರೆ ಶಾಸನ, ವೀರಗಲ್ಲು, ಹಳೇ ಗುಡಿ ಹುಡುಕುವುದು ವಾಡಿಕೆ. ದಂಡು ದಾಳಿಯ ಕಥೆ ಬೇಕಾದವರಿಗೆ ಪಿರಿಯಾಪಟ್ಟಣದ ಕೋಟೆ ಇದ್ದೇ ಇದೆ. ನಾನು ಹೇಳಹೊರಟಿರುವುದು ಹೊಲದ ಬದುವಿನ ಚರಿತ್ರೆ.

ಹೊಲದೊಳಗಿರುವವರೂ ಮೂಲದಲ್ಲಿ ಪರಸ್ಥಳದವರೇ. ರಾಗಿಯ ತವರು ಆಫ್ರಿಕ. ಬಂದು ಸಾವಿರಾರು ವರ್ಷವಾಗಿ ಮನೆಮಗಳಾಗಿದೆ. ಮೆಣಸಿನಕಾಯಿ, ಮುಸುಕಿನ ಜೋಳ, ಹೊಗೆಸೊಪ್ಪು ಮೂರೂ ಅಮೆರಿಕದವು. ಇವನ್ನು ನಾವು ಕರೆದು ಕೂರಿಸಿ ಉಣ್ಣಿಸಿದೆವು. ಬದುವಿನ ಮೇಲಿನವರ ಸಂಗತಿ ಬೇರೆ.

ಮೊದಲು ಬಂದದ್ದು ಪಾಪಾಸುಕಳ್ಳಿ. ಮೈಸೂರು ಸೀಮೆಯ ಊರುಗಳಿಗೆ ಇದು ಒಂದು ಕಾಲದಲ್ಲಿ ಮುಳ್ಳಿನ ಕೋಟೆಯೇ ಆಗಿತ್ತು. ಇದರ ಮೇಲೆ ಬದುಕುವ ಹುಳದಿಂದ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಹುಳವನ್ನೂ ತರಿಸಿತು. ಬಂದದ್ದು ಬೇರೊಂದು ಜಾತಿಯ ಹುಳ. ಬಣ್ಣ ಕೈಗೆ ಹತ್ತಲಿಲ್ಲ, ಆದರೆ ಒಂದು ಬಗೆಯ ಕಳ್ಳಿಯನ್ನು ಅದು ತಿಂದು ಮುಗಿಸಿತು. ಉಳಿದ ಕಳ್ಳಿ ಹೊಲಗಳಿಗೆ ನುಗ್ಗಿತು. 1926ರಲ್ಲಿ ಸಿಂಹಳದಿಂದ ಮತ್ತೊಂದು ಹುಳ ತಂದು ಬಿಟ್ಟ ಮೇಲೆ ಐದಾರು ವರ್ಷಗಳಲ್ಲೇ ದಕ್ಷಿಣ ಭಾರತದ ಸಾವಿರಾರು ಎಕರೆ ಬಯಲಾಯಿತು. ಪರದೇಶಿ ಗಿಡದ ಮೇಲೆ ನಾವು ಹೀಗೆ ಗೆದ್ದದ್ದು ಅಪರೂಪವೇ ಎನ್ನಬೇಕು.

ಕಳ್ಳಿ ಖಾಲಿ ಮಾಡಿದ ಜಾಗದಲ್ಲಿ ಈಗ ಕಾಣುವುದು ಲಂಟಾನ. ಇದು ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಗಿಡ. ಅದರ ಕಪ್ಪು ಹಣ್ಣನ್ನು ದನ ಕಾಯುವ ಹುಡುಗರೂ ತಿನ್ನುತ್ತಾರೆ, ಪಿಕಳಾರವೂ ತಿನ್ನುತ್ತದೆ. ಹಕ್ಕಿ ಎಲ್ಲಿ ಹಿಕ್ಕೆ ಹಾಕಿತೋ ಅಲ್ಲಿ ಹೊಸ ಪೊದೆ. ಎಲೆಯನ್ನು ದನ ಮುಟ್ಟುವುದಿಲ್ಲ. ಬರಗಾಲದಲ್ಲಿ ಹಸಿವಿಗೆ ತಿಂದರೆ ಕಾಮಾಲೆ ಹಿಡಿದು ಮೈ ಸುಲಿಯುತ್ತದೆ. ಪಕ್ಕದ ನಾಗರಹೊಳೆ ಕಾಡಿನೊಳಗೂ ಇದೇ ಪೊದೆ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು, ಬೇಸಿಗೆಯಲ್ಲಿ ಒಣಗಿದ ಕಡ್ಡಿಗೆ ಕಿಡಿ ಬಿದ್ದರೆ ಬೆಂಕಿ ಮರದ ತುದಿಗೇ ಏರುತ್ತದೆ. ಆನೆ ಹೊಲಕ್ಕೆ ಬಂತು ಎಂದು ಬೊಬ್ಬೆ ಹಾಕುವಾಗ ಕಾಡಿನೊಳಗೆ ಅದರ ಮೇವು ಏನಾಯಿತೆಂದೂ ಕೇಳಬೇಕಲ್ಲವೆ?

ಆಮೇಲೆ ಕಾಂಗ್ರೆಸ್ ಗಿಡ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಅಮೆರಿಕದ ಗೋಧಿಯ ಜೊತೆ ಬಂತೆನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಆಗಿನ ಕಾಂಗ್ರೆಸ್ ಸರ್ಕಾರದಿಂದ ಹೆಸರು ಬಂತೆನ್ನುವವರುಂಟು, ಬಿಳಿ ಹೂವು ಗಾಂಧಿ ಟೋಪಿಯ ಹಾಗಿದೆ ಎನ್ನುವವರೂ ಉಂಟು. ಘಟ್ಟದ ಕಡೆ ಇನ್ನೊಂದು ಕಳೆಗೆ ಕಮ್ಯುನಿಸ್ಟ್ ಗಿಡ ಎಂದೇ ಹೆಸರು. ನಮ್ಮ ಜನ ಕಳೆಗೆ ಹೆಸರಿಡುವಾಗ ಪಕ್ಷಭೇದ ಮಾಡಿಲ್ಲ. ಒಂದೊಂದು ಕಾಂಗ್ರೆಸ್ ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಉದುರಿಸುತ್ತದೆ. ಮುಟ್ಟಿದವರಿಗೆ ತುರಿ, ಗಾಳಿಗೆ ಹೂಪುಡಿ ಹಾರಿದರೆ ಉಬ್ಬಸ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ಜೀರುಂಡೆ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ಮೇಯುತ್ತದೆ, ಬಿಸಿಲಿಗೆ ಮಣ್ಣೊಳಗೆ ಮಲಗುತ್ತದೆ. ಗಿಡ ಮಲಗುವುದಿಲ್ಲ.

ನೀಲಗಿರಿಯನ್ನು ಈ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅದು ತಾನಾಗಿ ಹಬ್ಬಿದ್ದಲ್ಲ, ನಾವು ಹಬ್ಬಿಸಿದ್ದು. ಪಿರಿಯಾಪಟ್ಟಣ, ಹುಣಸೂರು ವರ್ಜೀನಿಯಾ ಹೊಗೆಸೊಪ್ಪಿನ ನಾಡು. ಒಂದು ಕಿಲೋ ಎಲೆಯನ್ನು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದಮಾಡಲು ನಾಲ್ಕೈದು ಕಿಲೋ ಸೌದೆ ಬೇಕು. ಬೇಗ ಬೆಳೆದು, ಕಡಿದರೆ ಕೂಳೆ ಚಿಗುರುವ ಮರಕ್ಕೆ ಗಿರಾಕಿ ಇದ್ದೇ ಇರುತ್ತದೆ. ಅಮೆರಿಕದ ಎಲೆಗೆ ಆಸ್ಟ್ರೇಲಿಯಾದ ಸೌದೆ! 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ರಾವಂದೂರಿನ ರೈತ ಬಂಧುಗಳಲ್ಲಿ ಒಂದು ಮಾತು. ಮುಂಗಾರಿಗೆ ಹುಟ್ಟುವ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ, ಕೈಗೆ ಬಟ್ಟೆ ಸುತ್ತಿಕೊಂಡು, ಬೇರು ಸಮೇತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಕಿತ್ತ ಜಾಗದಲ್ಲಿ ತಗಚೆ ಬೀಜ ಎರಚಿ.