ಕಾಣದ ಕಾವಿಗೊಂದು ಪರದೆ

ಬಚ್ಚಲೊಲೆಯ ಮುಂದೆ ಕುಳಿತವರ ಕೆನ್ನೆಗೆ ಉರಿ ಮುಟ್ಟದೆಯೂ ಕಾವು ತಾಗುತ್ತದೆ. ಕಣ್ಣಿಗೆ ಕಾಣದ ಆ ಕಾವು ಅವಕೆಂಪು ಕಿರಣದ್ದು ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ?

1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣದಿಂದಾಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವಿಟ್ಟ. ಅಲ್ಲಿಯೂ ಅದು ಏರಿತು. ಅವನ ತಂಗಿ ಕೆರೊಲಿನ್ ವರ್ಷಗಟ್ಟಲೆ ಅಣ್ಣನ ಆಕಾಶವೀಕ್ಷಣೆಯನ್ನು ಬರೆದಿಟ್ಟವಳು. ತಾನೇ ಎಂಟು ಧೂಮಕೇತುಗಳನ್ನು ಕಂಡವಳು. ಅಣ್ಣನ ಹೆಸರಿನ ಪಕ್ಕದಲ್ಲಿ ಅವಳನ್ನೂ ನೆನೆಯುವುದು ನ್ಯಾಯ.

ಕಾಣದ ಈ ಕಾವಿನ ಕಥೆ ಆದಿ ಉಡುಪಿಯ ನಮಗೆ ದೂರದ್ದಲ್ಲ. ಇಲ್ಲೇ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಇಸ್ರೋ ಅಧ್ಯಕ್ಷರಾಗಿದ್ದಾಗ, 1992ರ ಜುಲೈಯಲ್ಲಿ, ನಮ್ಮ ದೇಶದಲ್ಲೇ ಕಟ್ಟಿದ ಇನ್‌ಸ್ಯಾಟ್-2ಎ ಮೇಲೇರಿತು. ಅದರ ಅವಕೆಂಪು ಕಣ್ಣಿಗೆ ರಾತ್ರಿಯೂ ಮೋಡ ಕಾಣುತ್ತಿತ್ತು: ಎತ್ತರದ ಮೋಡ ತಣ್ಣಗೆ, ಕೆಳಗಿನ ಕಡಲು ಬೆಚ್ಚಗೆ.

ಇಂಥ ಕಣ್ಣುಗಳನ್ನು ನಂಬುವ ಮೊದಲು ಪರೀಕ್ಷಿಸಬೇಡವೇ? ಚಲಿಸುವುದನ್ನು ಹಿಡಿಯುವ ಕಣ್ಣಿಗೆ ಕಾವಿನ ಸಿನೆಮಾವನ್ನೇ ತೋರಿಸಬೇಕು. ಆದರೆ ಟಾಕೀಸಿನ ಯಂತ್ರ ಇದಕ್ಕೆ ಒದಗದು. ಒಲೆ, ಮೈ, ಮೋಡಗಳು ಸೂಸುವ ಕಾವಿನ ಕಿರಣಗಳನ್ನು ಅದರ ಗಾಜಿನ ಮಸೂರ ತಡೆದುಬಿಡುತ್ತದೆ.

ತೆಳು ಪದರದಿಂದ ಚಿತ್ರ ಮೂಡಿಸುವ ಯುಕ್ತಿ ಮಾತ್ರ ಹಳೆಯದು. 1939ರಲ್ಲಿ ಜ್ಯೂರಿಕ್‌ನ ಫ್ರಿಟ್ಸ್ ಫಿಶರ್ ಐಡೊಫೋರ್ ಎಂಬ ಯಂತ್ರದ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. ಕನ್ನಡಿಯ ಮೇಲೆ ಎಣ್ಣೆಯ ತೆಳು ಪದರ. ಎಲೆಕ್ಟ್ರಾನು ಕಿರಣ ಬಿದ್ದಲ್ಲಿ ಎಣ್ಣೆ ಸುಕ್ಕುಗಟ್ಟಿ, ದೀಪದ ಬೆಳಕು ಬಾಗಿ ಪರದೆಗೆ ಹಾಯುತ್ತಿತ್ತು. ಎಣ್ಣೆ ತಾನು ಬೆಳಗುವುದಿಲ್ಲ, ಬೆಳಕಿಗೆ ದಾರಿ ಬಿಡುತ್ತದೆ, ಅಷ್ಟೆ. ಕಾವಿನ ಚಿತ್ರಕ್ಕೂ ತೆಳು ಪದರವೇ ನೆರವಾಯಿತು. 1982ರಲ್ಲಿ ವಿನ್ಸೆಂಟ್ ಬ್ಲೈ ವಿವರಿಸಿದ ಸಾಧನದಲ್ಲಿ, ನಿರ್ವಾತದಲ್ಲಿಟ್ಟ, ಕಪ್ಪು ಲೇಪದ ಪೊರೆಯ ಮೇಲೆ ಸಾಮಾನ್ಯ ಚಿತ್ರವನ್ನೇ ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಪೊರೆ ಬಿಸಿಯಾಗಿ ಅವಕೆಂಪು ಸೂಸುತ್ತದೆ. ಪೊರೆ ಹಪ್ಪಳಕ್ಕಿಂತ ಎಷ್ಟೋ ಪಾಲು ತೆಳು. ಅದಕ್ಕೇ ಬೇಗ ಕಾಯುತ್ತದೆ, ಬೇಗ ಆರುತ್ತದೆ. ದಪ್ಪವಾಗಿದ್ದರೆ ಹಿಂದಿನ ಚಿತ್ರದ ಕಾವು ಆರುವ ಮೊದಲೇ ಮುಂದಿನದು ಬಂದು ಎಲ್ಲ ಕಲಸಿಹೋಗುತ್ತಿತ್ತು.

ಒಂದು ಮಾತು ಮುಚ್ಚಿಡಬಾರದು. ಇಂಥ ಯಂತ್ರಗಳಿಗೆ ಹಣ ಹರಿದದ್ದು ಹೆಚ್ಚಾಗಿ ಯುದ್ಧದ ಕಡೆಯಿಂದ. ಗುರಿ ಹುಡುಕಿ ಹೋಗುವ ಕ್ಷಿಪಣಿಯ ಕಣ್ಣಿಗೂ ಇದೇ ಬಗೆಯ ಪರೀಕ್ಷೆ. ಕಾಣದ ಕಾವು ಯಾರ ಪರವೂ ಅಲ್ಲ. ಅದನ್ನು ಮಲ್ಪೆಯ ದೋಣಿಗಳಿಗೆ ಗಾಳಿಮಳೆಯ ಮುನ್ಸೂಚನೆ ಕೊಡಲು ಬಳಸುವುದೋ, ಇನ್ನೊಬ್ಬರ ಮನೆ ಸುಡಲು ಬಳಸುವುದೋ ಎಂಬುದು ಮನುಷ್ಯರೇ ತೀರ್ಮಾನಿಸಬೇಕಾದ ಸಂಗತಿ. ಆ ತೀರ್ಮಾನದಲ್ಲಿ ದಡದಲ್ಲಿ ಕಾಯುವ ಹೆಂಗಸರಿಗೂ ಒಂದು ಮಾತಿರಬೇಕು.